ರೈಫಲ್‌ಗೆ ನಡುದೂರ, ಉಳಿದವುಗಳಿಗೆ ಪಣ: ಶೂಟರ್ ಆಟದ ಬಂದೂಕುಗಳನ್ನು ತೂಗುವ ಬಗೆ

ಬಂದೂಕುಗಳ ಪಟ್ಟಿಯನ್ನು ರೈಫಲ್‌ನಿಂದ ಶುರು ಮಾಡಿ. ಹೊಸದಾಗಿ ಶೂಟರ್ ಆಟ ಕಟ್ಟುವ ಹುಡುಗರು ನನ್ನ ಬಳಿ ಬರುವಾಗ ಸ್ನೈಪರ್, ಜೋಡುನಳಿಗೆಯ ಶಾಟ್‌ಗನ್, ಬೆಂಕಿ ಉಗುಳುವ ಮತ್ತೊಂದು ಎಂದು ಚಿತ್ರಗಳ ಕಂತೆಯನ್ನೇ ತಂದಿರುತ್ತಾರೆ. ರೈಫಲ್ ಎಲ್ಲಿ ಎಂದು ಕೇಳಿದರೆ, ಅದು ಮಾಮೂಲಿನದು, ಕೊನೆಗೆ ಹಾಕಿದರಾಯಿತು ಎನ್ನುತ್ತಾರೆ. ಮಾಮೂಲಿನದು ಗಟ್ಟಿಯಾಗಿ ನಿಲ್ಲದಿದ್ದರೆ ಉಳಿದವುಗಳ ಬಲವನ್ನು ಯಾವುದಕ್ಕೆ ಹೋಲಿಸಿ ಅಳೆಯುತ್ತೀರಿ?

ಮೈಸೂರಿನ ಒಂದು ಚಿಕ್ಕ ತಂಡದಲ್ಲಿ, ಐವರ ಎದುರು ಐವರು ಆಡುವ ಆಟವೊಂದಕ್ಕೆ ಬಂದೂಕುಗಳ ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ಇದಕ್ಕೆ ಮೊದಲು ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿದ್ದೆ. ಅಲ್ಲಿಯೂ ಇಲ್ಲಿಯೂ ಎದುರಿಗಿರುವುದು ಸ್ಪ್ರೆಡ್‌ಶೀಟ್, ಹುಡುಕುವುದು ಜಮೆಯಾದದ್ದಕ್ಕೆ ಸರಿಯಾದ ಖರ್ಚು ಬರೆದಿದೆಯೇ ಎಂಬುದನ್ನು. ಈ ಬರಹವನ್ನು ಆ ಕಣ್ಣಿನಿಂದಲೇ ಓದಿಕೊಳ್ಳಿ.

ಎಲ್ಲ ಕೆಲಸದ ಬಂದೂಕು ಎಂದು ನಾನು ಕರೆಯುವುದು, ಮುಂದಿನ ತಿರುವಿನಲ್ಲಿ ಏನಿದೆ ಎಂದು ಗೊತ್ತಿಲ್ಲದಾಗ ಆಟಗಾರ ಎತ್ತಿಕೊಳ್ಳುವುದನ್ನು. ಕೌಂಟರ್ ಸ್ಟ್ರೈಕ್ ಆಟದ ಎಕೆ-47, ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಆಟದ ಎಂ416 ಈ ಜಾತಿಯವು. ಒಂದೇ ಕೆಲಸದ ಬಂದೂಕು, ಮುಂದೇನಿದೆ ಎಂದು ಗೊತ್ತಿದ್ದಾಗ ಅಥವಾ ಗೊತ್ತಿದೆ ಎಂದು ಪಣ ಕಟ್ಟಿದಾಗ ಎತ್ತಿಕೊಳ್ಳುವುದು. ನೀವು ತೂಗಬೇಕಾದದ್ದು ಆ ಪಣವನ್ನು: ಗೆದ್ದರೆ ಎಷ್ಟು ಲಾಭ, ಸೋತರೆ ಎಷ್ಟು ನಷ್ಟ, ಕಟ್ಟುವ ಮುನ್ನವೇ ಎಷ್ಟು ತೆರಬೇಕು. ಡ್ಯಾಮೇಜ್, ಅಂದರೆ ಒಂದು ಗುಂಡು ಎದುರಾಳಿಯ ಜೀವದಿಂದ ಕಳೆಯುವ ಅಂಕಿ, ಈ ಮೂರರಲ್ಲಿ ಒಂದರ ಒಂದು ಪಾಲು ಮಾತ್ರ. ಆದರೂ ಎಲ್ಲರೂ ಮೊದಲು ಕೈ ಹಾಕುವುದು ಅದಕ್ಕೇ.

ಮೊದಲ ಕೋಷ್ಟಕ

ಬೇಕಾದ ಸೂತ್ರ ಇಷ್ಟೇ. ಎದುರಾಳಿಯ ಜೀವವನ್ನು ಒಂದು ಗುಂಡಿನ ಡ್ಯಾಮೇಜ್‌ನಿಂದ ಭಾಗಿಸಿ, ಶೇಷ ಉಳಿದರೆ ಮುಂದಿನ ಪೂರ್ಣಸಂಖ್ಯೆಗೆ ಏರಿಸಿ. ಬೇಕಾದ ಗುಂಡುಗಳ ಸಂಖ್ಯೆ ಸಿಕ್ಕಿತು. ಅದರಿಂದ ಒಂದನ್ನು ಕಳೆದು, ಎರಡು ಗುಂಡುಗಳ ನಡುವಿನ ಕಾಲದಿಂದ ಗುಣಿಸಿ. ಮೊದಲ ಗುಂಡಿಗೆ ಕಾಯಬೇಕಿಲ್ಲವಲ್ಲ, ಅದಕ್ಕೇ ಒಂದು ಕಳೆಯುವುದು. ಬಂದದ್ದು ಕೊಲ್ಲಲು ಹಿಡಿಯುವ ಸಮಯ. ಆಟಗಾರರು ಟಿಟಿಕೆ ಎನ್ನುವುದು ಇದನ್ನೇ.

ನಮ್ಮ ಆಟದಲ್ಲಿ ಜೀವ 100. ರೈಫಲ್ ನಿಮಿಷಕ್ಕೆ 600 ಗುಂಡು ಹಾರಿಸುತ್ತದೆ, ಗುಂಡಿಗೆ 26 ಡ್ಯಾಮೇಜ್. ನಾಲ್ಕು ಗುಂಡು, 0.3 ಸೆಕೆಂಡು. ದೂರ 30 ಮೀಟರ್ ದಾಟಿದರೆ ಡ್ಯಾಮೇಜ್ 19ಕ್ಕೆ ಇಳಿಯುತ್ತದೆ. ಆರು ಗುಂಡು, 0.5 ಸೆಕೆಂಡು. ಸಬ್‌ಮೆಷಿನ್‌ಗನ್, ಅಂದರೆ ಹತ್ತಿರದ ಕಾಳಗಕ್ಕೆ ಸರಸರನೆ ಗುಂಡು ಹಾರಿಸುವ ಚಿಕ್ಕ ಬಂದೂಕು, ನಿಮಿಷಕ್ಕೆ 900 ಗುಂಡಿನದು. 5 ಮೀಟರಿನಲ್ಲಿ 20 ಡ್ಯಾಮೇಜ್, ಸುಮಾರು 0.27 ಸೆಕೆಂಡು; 18 ಮೀಟರಿನಲ್ಲಿ 16 ಡ್ಯಾಮೇಜ್, 0.4 ಸೆಕೆಂಡು, 40 ಮೀಟರಿನಲ್ಲಿ 11 ಡ್ಯಾಮೇಜ್, 0.6 ಸೆಕೆಂಡು. ದೂರದ ರೈಫಲ್, ಅಂದರೆ ಒಂದೊಂದೇ ಗುಂಡು ಹಾರಿಸುವ ಡಿಎಂಆರ್, ನಿಮಿಷಕ್ಕೆ 150 ಗುಂಡು, 55 ಡ್ಯಾಮೇಜ್. ಎಲ್ಲ ದೂರದಲ್ಲೂ ಎರಡು ಗುಂಡು, 0.4 ಸೆಕೆಂಡು.

ಈಗ ಮೂರನ್ನೂ ಒಂದೇ ಸಾಲಿನಲ್ಲಿಟ್ಟು ನೋಡಿ. 5 ಮೀಟರಿನಲ್ಲಿ ಸಬ್‌ಮೆಷಿನ್‌ಗನ್ ಮೊದಲು, ರೈಫಲ್ ಎರಡನೆಯದು. 40 ಮೀಟರಿನಲ್ಲಿ ಡಿಎಂಆರ್ ಮೊದಲು, ರೈಫಲ್ ಅಲ್ಲೂ ಎರಡನೆಯದು. 18 ಮೀಟರಿನಲ್ಲಿ ಮಾತ್ರ ರೈಫಲ್ ಮೊದಲು. ನನಗೆ ಬೇಕಾದ ಆಕಾರ ಇದು: ಎರಡು ತುದಿಗಳಲ್ಲಿ ಎರಡನೇ ಸ್ಥಾನ, ನಡುವೆ ಒಂದು ಸ್ವಂತ ಮನೆ. ತುದಿಯಲ್ಲೂ ರೈಫಲ್ ಮೊದಲ ಸ್ಥಾನಕ್ಕೆ ಬಂದರೆ ಉಳಿದ ಬಂದೂಕುಗಳು ಆಟದೊಳಗಿನ ಅಂಗಡಿಯಲ್ಲಿ ಧೂಳು ಹಿಡಿಯುತ್ತವೆ. ತುದಿಯಲ್ಲಿ ಅದು ಮೂರನೆಯದಾದರೆ ಹೊಸ ಆಟಗಾರನಿಗೆ ನಂಬಿ ಹಿಡಿಯಲು ಏನೂ ಉಳಿಯುವುದಿಲ್ಲ. ಅವನು ಪ್ರತಿ ರೌಂಡಿನಲ್ಲೂ ಊಹೆ ಮಾಡಿಯೇ ಸಾಯಬೇಕು.

ಈ ಕೋಷ್ಟಕದಲ್ಲಿ ಒಂದು ಬಲೆ ಇದೆ. ರೈಫಲ್‌ನ 26 ಅನ್ನು 25 ಮಾಡಿದರೆ ಏನೂ ಆಗುವುದಿಲ್ಲ, ಆಗಲೂ ನಾಲ್ಕೇ ಗುಂಡು. 24 ಮಾಡಿದರೆ ಐದು ಗುಂಡು ಬೇಕು, ಸಮಯ 0.3ರಿಂದ 0.4ಕ್ಕೆ ಹಾರುತ್ತದೆ. ಒಂದು ಅಂಕಿಯ ಇಳಿಕೆ, ಮೂರನೇ ಒಂದು ಪಾಲು ನಿಧಾನ. ಸ್ವಲ್ಪ ಇಳಿಸಿದೆವು ಅಷ್ಟೇ ಎಂದು ಹೇಳುವವರು ಈ ಮೆಟ್ಟಿಲನ್ನು ನೋಡಿರುವುದಿಲ್ಲ. ಪ್ರತಿ ಬಂದೂಕಿನ ಪಕ್ಕದಲ್ಲೂ ಅದರ ಮುಂದಿನ ಮೆಟ್ಟಿಲು ಯಾವ ಸಂಖ್ಯೆಯಲ್ಲಿದೆ ಎಂದು ಒಂದು ಕಂಬಸಾಲು ಬರೆದಿಡಿ.

ಮೆಟ್ಟಿಲನ್ನು ಬೇಕೆಂದೇ ಬಳಸಿಕೊಳ್ಳುವುದೂ ಉಂಟು. ಕೌಂಟರ್ ಸ್ಟ್ರೈಕ್‌ನಲ್ಲಿ ಎಕೆ-47ರ ಮೂಲ ಡ್ಯಾಮೇಜ್ 36, ರಕ್ಷಾಕವಚವನ್ನು ಹಾಯುವ ಪಾಲು ಶೇಕಡಾ 77.5. ತಲೆಗೆ ತಗುಲಿದರೆ ನಾಲ್ಕು ಪಟ್ಟು. ಗುಣಿಸಿದರೆ 111, ಹೆಲ್ಮೆಟ್ ಇದ್ದರೂ ಒಂದೇ ಗುಂಡಿಗೆ ಸಾವು. ಎದುರು ಪಕ್ಷದ ಎಂ4ಎ4ಕ್ಕೆ 33 ಡ್ಯಾಮೇಜ್, ಶೇಕಡಾ 70. ಅದೇ ಲೆಕ್ಕ 92ಕ್ಕೆ ನಿಲ್ಲುತ್ತದೆ, ಎದುರಾಳಿ ಎಂಟು ಜೀವದಲ್ಲಿ ಬದುಕುತ್ತಾನೆ. ಎರಡೂ ಎಲ್ಲ ಕೆಲಸದವೇ, ಆದರೂ ಎರಡು ಪಕ್ಷಗಳು ಬೇರೆ ಬೇರೆ ರೀತಿಯಲ್ಲಿ ಆಡುವುದಕ್ಕೆ ಈ ಒಂದು ಗುಣಾಕಾರವೂ ಕಾರಣ. 2020ರಲ್ಲಿ ಬಂದ ವ್ಯಾಲರೆಂಟ್ ಆಟದಲ್ಲಿ ವ್ಯಾಂಡಲ್ ಮತ್ತು ಫ್ಯಾಂಟಮ್ ಎಂಬ ಎರಡು ರೈಫಲ್‌ಗಳಿಗೂ ಆಟದ ಹಣದಲ್ಲಿ 2900 ಬೆಲೆ. ವ್ಯಾಂಡಲ್ ತಲೆಗೆ ಎಷ್ಟು ದೂರದಿಂದಲೂ 160. ಫ್ಯಾಂಟಮ್ ಹತ್ತಿರದಲ್ಲಿ 156, ದೂರ ಹೋದಂತೆ, ಪೂರ್ಣ ಕವಚ ತೊಟ್ಟವನ ಒಟ್ಟು ಜೀವವಾದ 150ಕ್ಕಿಂತ ಕೆಳಗೆ ಜಾರುತ್ತದೆ. ಬದಲಿಗೆ ಸದ್ದು ಕಡಿಮೆ, ಗುಂಡು ಹಾರಿಸುವ ವೇಗ ಹೆಚ್ಚು. ಎರಡು ಸಾಮಾನ್ಯ ರೈಫಲ್‌ಗಳನ್ನು ಒಟ್ಟಿಗೆ ಇಡಬೇಕಿದ್ದರೆ ಇಷ್ಟು ಸಣ್ಣ, ಇಷ್ಟು ಸ್ಪಷ್ಟ ಅಂತರ ಸಾಕು.

ಇನ್ನು ಗುಂಡು ತಪ್ಪಿದರೆ? ಕಾಗದದ ಮೇಲೆ ಯಾರ ಗುಂಡೂ ತಪ್ಪುವುದಿಲ್ಲ. ಸಬ್‌ಮೆಷಿನ್‌ಗನ್ನಿನ ಒಂದು ಗುಂಡು ತಪ್ಪಿದರೆ ನಷ್ಟ ಸೆಕೆಂಡಿನ ಹದಿನೈದನೇ ಒಂದು ಭಾಗ. ಡಿಎಂಆರ್‌ನ ಒಂದು ಗುಂಡು ತಪ್ಪಿದರೆ 0.4 ಸೆಕೆಂಡು 0.8 ಆಗುತ್ತದೆ, ಅಷ್ಟರಲ್ಲಿ ದೂರದ ರೈಫಲ್‌ಧಾರಿ ಎರಡು ಗುಂಡು ತಪ್ಪಿಸಿಯೂ ಗೆದ್ದಿರುತ್ತಾನೆ. ಹಾಗಾಗಿ ಒಂದು ತಪ್ಪಿನ ಸಮೇತದ ಕೋಷ್ಟಕವನ್ನು ಬೇರೆಯಾಗಿ ಮಾಡಿ. ಪಣದ ನಿಜವಾದ ಬಿಸಿ ಅಲ್ಲಿ ಕಾಣುತ್ತದೆ.

ಮ್ಯಾಪ್ ಅಳೆಯಿರಿ

ಬಂದೂಕು ಒಂದೇ ಕೆಲಸದ್ದೋ ಎಲ್ಲ ಕೆಲಸದ್ದೋ ಎಂಬುದನ್ನು ನಿಮ್ಮ ಸ್ಪ್ರೆಡ್‌ಶೀಟ್ ತೀರ್ಮಾನಿಸುವುದಿಲ್ಲ, ಮ್ಯಾಪ್, ಅಂದರೆ ಕಾಳಗ ನಡೆಯುವ ಆಟದ ಅಂಗಳ, ತೀರ್ಮಾನಿಸುತ್ತದೆ. ಹತ್ತರಲ್ಲಿ ಎಂಟು ಕಾಳಗ 8 ಮೀಟರಿನೊಳಗೆ ನಡೆಯುವ ಮ್ಯಾಪಿನಲ್ಲಿ ಸಬ್‌ಮೆಷಿನ್‌ಗನ್ನೇ ಎಲ್ಲ ಕೆಲಸದ ಬಂದೂಕು. ನೀವು ರೈಫಲ್ ಎಂದು ಕರೆಯುವ ವಸ್ತು ಅಲ್ಲಿ ಬರೀ ಭಾರ. 1999ರ ಕ್ವೇಕ್ 3 ಅರೇನಾದ ಲೈಟ್ನಿಂಗ್ ಗನ್ 768 ಯೂನಿಟ್ ದೂರದವರೆಗೆ ಮಾತ್ರ ತಲುಪುತ್ತಿತ್ತು. ಅದರೊಳಗೆ ಗುರಿ ಬಿಡದೆ ಹಿಡಿದವನ ಎದುರು ನಿಲ್ಲುವುದು ಕಷ್ಟ, ಅದರಾಚೆ ಅದು ದೀಪದ ಕಡ್ಡಿ. ಹೀಗಿರುವಾಗ ಕೋಣೆಯ ಉದ್ದ 700 ಯೂನಿಟ್ಟೋ 900ವೋ ಎಂಬುದೂ ಆ ಬಂದೂಕಿನ ಗುಣದ ಭಾಗವೇ ಆಗುತ್ತದೆ.

ಆಟ ನಡೆಯುವಾಗ ಪ್ರತಿ ಸಾವಿನ ದೂರವನ್ನು ದಾಖಲಿಸಿಕೊಳ್ಳಿ. ಇದಕ್ಕೆ ನಾಲ್ಕು ಸಾಲಿನ ಕೋಡ್ ಸಾಕು. ನಾನು ದೂರವನ್ನು 10 ಮೀಟರಿನೊಳಗೆ, 10ರಿಂದ 30, 30ರ ಮೇಲೆ ಎಂದು ಮೂರು ಡಬ್ಬಿಗಳಿಗೆ ಹಾಕುತ್ತೇನೆ. ನಡುವಿನ ಡಬ್ಬಿ ಅರ್ಧದ ಆಸುಪಾಸಿನಲ್ಲಿರಬೇಕು, ತುದಿಯ ಎರಡೂ ಖಾಲಿ ಬೀಳಬಾರದು. ತುದಿ ಖಾಲಿಯಾದರೆ ಬಂದೂಕನ್ನು ಮುಟ್ಟಬೇಡಿ. ಗೋಡೆ ಒಡೆಯಿರಿ ಇಲ್ಲವೇ ಗೋಡೆ ಕಟ್ಟಿ. ನಮ್ಮ ಗೋದಾಮಿನ ಮ್ಯಾಪಿನಲ್ಲಿ ಡಿಎಂಆರ್ ಯಾರೂ ಕೊಳ್ಳುತ್ತಿರಲಿಲ್ಲ. ಮ್ಯಾಪ್ ಮಾಡುವ ಗೆಳೆಯರು ಹಿಂದಿನ ರೈಲುಹಳಿಯ ಪಕ್ಕದ ಪೆಟ್ಟಿಗೆಗಳನ್ನು ಎರಡು ಸಾಲು ಸರಿಸಿ ನೇರ ನೋಟ ತೆರೆದರು, ಬಂದೂಕಿನ ಒಂದು ಸಂಖ್ಯೆಯೂ ಬದಲಾಗದೆ ಅದು ಅಂಗಡಿಯಿಂದ ಹೊರಬಂತು.

ಪಣಕ್ಕೆ ತೆರುವ ಬೆಲೆ

ಒಂದೇ ಕೆಲಸದ ಬಂದೂಕು ತನ್ನ ಕೆಲಸದಲ್ಲಿ ಧಾರಾಳವಾಗಿ ಗೆಲ್ಲಬೇಕು. ಕೂದಲೆಳೆಯಷ್ಟು ಗೆದ್ದರೆ ಯಾರೂ ಅದಕ್ಕಾಗಿ ರೈಫಲ್ ಬಿಡುವುದಿಲ್ಲ. ತುರಿಮಣೆ ಬದನೆಕಾಯಿ ಹೆಚ್ಚುವುದಿಲ್ಲ ಎಂದು ಯಾರೂ ದೂರುವುದಿಲ್ಲ, ಕಾಯಿ ಚೆನ್ನಾಗಿ ತುರಿದರೆ ಸಾಕು. ಆದ್ದರಿಂದ ಶಿಖರವನ್ನು ಕೆತ್ತಿ ತಗ್ಗಿಸುವ ಬದಲು, ಅಲ್ಲಿಗೆ ಹತ್ತುವ ದಾರಿಗೆ ಸುಂಕ ಹಾಕಿ.

ಹಣ ಎಲ್ಲರಿಗೂ ತಿಳಿದ ಸುಂಕ. ಕೌಂಟರ್ ಸ್ಟ್ರೈಕ್‌ನ ಎಡಬ್ಲ್ಯೂಪಿ ಸ್ನೈಪರ್‌ಗೆ ಆಟದ ಹಣದಲ್ಲಿ 4750 ಡಾಲರ್, ಎಕೆ-47ಕ್ಕೆ 2700. ಅಷ್ಟೇ ಅಲ್ಲ, ಅದರ ಹಿಂದಿನ ಆವೃತ್ತಿಯಾದ ಸಿಎಸ್:ಗೋ ಕಾಲದಲ್ಲಿ ಎಡಬ್ಲ್ಯೂಪಿಯಿಂದ ಒಬ್ಬನನ್ನು ಕೊಂದರೆ ಬಹುಮಾನ 100 ಡಾಲರ್, ಬಹುತೇಕ ರೈಫಲ್‌ಗಳಿಗೆ 300, ಬಹುತೇಕ ಸಬ್‌ಮೆಷಿನ್‌ಗನ್‌ಗಳಿಗೆ 600, ಶಾಟ್‌ಗನ್‌ಗಳಿಗೆ 900. ಕಷ್ಟದ ಬಂದೂಕಿನಿಂದ ಗೆದ್ದವನಿಗೆ ಹೆಚ್ಚು ಕೂಲಿ. ಇಷ್ಟು ಅಚ್ಚುಕಟ್ಟಾದ ಜಮಾ-ಖರ್ಚು ಪುಸ್ತಕವನ್ನು ನಾನು ಬೇರೆ ಆಟದಲ್ಲಿ ನೋಡಿಲ್ಲ.

ಹಣದ ಸುಂಕ ಎಷ್ಟು ಸೂಕ್ಷ್ಮ ಎಂಬುದಕ್ಕೂ ಅದೇ ಆಟ ಸಾಕ್ಷಿ. ದುರ್ಬೀನು ಇರುವ ಎಯುಜಿ ರೈಫಲ್ ವರ್ಷಗಟ್ಟಲೆ ಯಾರಿಗೂ ಬೇಡವಾಗಿತ್ತು. 2018ರ ಅಕ್ಟೋಬರ್‌ನಲ್ಲಿ ಬೆಲೆಯನ್ನು 3300ರಿಂದ 3150ಕ್ಕೆ ಇಳಿಸಿದರು. ಬಂದೂಕು ಹಳೆಯದೇ, ಆದರೆ ಎಂ4ಕ್ಕೂ ಅದಕ್ಕೂ ಅಂತರ 50 ಡಾಲರ್‌ಗೆ ಇಳಿದದ್ದರಿಂದ ಜನ ಅದನ್ನು ಪ್ರಯೋಗಿಸಿ ನೋಡಿದರು, ಅದು ಎಷ್ಟು ಒಳ್ಳೆಯದು ಎಂದು ಕಂಡುಕೊಂಡರು, ಮುಂದಿನ ವರ್ಷ ವೃತ್ತಿಪರ ಪಂದ್ಯಗಳಲ್ಲೂ ಅದೇ ಆಯಿತು. 2019ರಲ್ಲಿ ಬೆಲೆ ಮತ್ತೆ 3300ಕ್ಕೆ ಹೋಯಿತು. ಬೆಲೆ ಇಳಿಸುವ ಮುನ್ನ ನೀವು ಕೇಳಿಕೊಳ್ಳಬೇಕಾದದ್ದು: ಈ ಬಂದೂಕು ಬೇಡವಾಗಿರುವುದು ದುರ್ಬಲ ಎಂದೋ, ಅಥವಾ ಯಾರೂ ಹಿಡಿದೇ ನೋಡಿಲ್ಲ ಎಂದೋ?

ನಿಮ್ಮ ಆಟದಲ್ಲಿ ಹಣವೇ ಇಲ್ಲದಿರಬಹುದು. ಬೇರೆ ಸುಂಕಗಳಿವೆ. ಬಿಜಿಎಂಐಯಲ್ಲಿ ಎಡಬ್ಲ್ಯೂಎಂ ಎಂಬ ಸ್ನೈಪರ್ ಸಾಮಾನ್ಯವಾಗಿ ಸಿಗುವುದು ವಿಮಾನ ಎಸೆಯುವ ಪೆಟ್ಟಿಗೆಯಲ್ಲಿ, ಗುಂಡುಗಳೂ ಅದರ ಜೊತೆಗೆ ಬಂದಷ್ಟೇ. ವಿಮಾನದ ಸದ್ದು, ಕೆಂಪು ಹೊಗೆ ಸುತ್ತಲಿನ ಎಲ್ಲರನ್ನೂ ಕರೆಯುತ್ತವೆ. ಪೆಟ್ಟಿಗೆ ಮುಟ್ಟುವವನು ತಾನಿರುವ ಜಾಗವನ್ನು ಸಾರಿ ಹೇಳಿದಂತೆ. ಬ್ಯಾಟಲ್‌ಫೀಲ್ಡ್ 3ರಲ್ಲಿ ಸ್ನೈಪರ್‌ನ ದುರ್ಬೀನು ಫಳಕ್ಕೆಂದು ಹೊಳೆಯುತ್ತಿತ್ತು. ಈ ಮಾಹಿತಿಯ ಸುಂಕ ನನಗೆ ಎಲ್ಲಕ್ಕಿಂತ ಇಷ್ಟ. ಸತ್ತವನಿಗೆ ತಾನೇಕೆ ಸತ್ತೆ ಎಂದು ತಿಳಿಯುತ್ತದೆ, ಮುಂದಿನ ಸಲ ಅವನು ಬೇರೆ ದಾರಿ ಹಿಡಿಯುತ್ತಾನೆ. ಡ್ಯಾಮೇಜ್ ಇಳಿಸಿದರೆ ಆ ಪಾಠ ಅವನಿಗೆ ಸಿಗುವುದಿಲ್ಲ.

ನಡಿಗೆಯ ವೇಗ, ರೀಲೋಡ್, ಮ್ಯಾಗಜಿನ್ ಇವೂ ಇವೆ. ಕೌಂಟರ್ ಸ್ಟ್ರೈಕ್ ತಯಾರಿಸುವ ವಾಲ್ವ್ 2015ರಲ್ಲಿ ದುರ್ಬೀನು ಏರಿಸಿದಾಗಿನ ಎಡಬ್ಲ್ಯೂಪಿಯ ನಡಿಗೆಯನ್ನು ನಿಧಾನಗೊಳಿಸಿತು, 2022ರ ನವೆಂಬರ್‌ನಲ್ಲಿ ಮ್ಯಾಗಜಿನ್ ಅನ್ನು 10ರಿಂದ 5 ಗುಂಡಿಗೆ ಇಳಿಸಿತು. ಎರಡು ಸಲವೂ ಒಂದೇ ಗುಂಡಿಗೆ ಕೊಲ್ಲುವ ಶಕ್ತಿಯನ್ನು ಮುಟ್ಟಲಿಲ್ಲ. ಅದನ್ನು ಮುಟ್ಟಿದರೆ ಆ ಬಂದೂಕಿಗೆ ಹೆಸರೇ ಉಳಿಯುವುದಿಲ್ಲ.

ಜೋಡಿಗಳ ಲೆಕ್ಕ

ಬಹಳಷ್ಟು ತಂಡಗಳು ಎಡವುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ಓದಿ. ಆಟಗಾರ ಎರಡು ದೊಡ್ಡ ಬಂದೂಕು ಹೊರಬಹುದಾದರೆ, ನೀವು ತೂಗಬೇಕಾದ ಘಟಕ ಬಂದೂಕಲ್ಲ, ಜೋಡಿ. ನನ್ನ ಮೇಲಿನ ಕೋಷ್ಟಕವನ್ನೇ ನೋಡಿ. ಸಬ್‌ಮೆಷಿನ್‌ಗನ್ ಮತ್ತು ಡಿಎಂಆರ್ ಎರಡನ್ನೂ ಹೊತ್ತವನಿಗೆ 5 ಮೀಟರಿನಲ್ಲಿ 0.27, 40 ಮೀಟರಿನಲ್ಲಿ 0.4. ರೈಫಲ್ ಎರಡೂ ತುದಿಯಲ್ಲಿ ಸೋತಿತು. ಒಂದೊಂದಾಗಿ ನೋಡಿದಾಗ ಪಣವಾಗಿದ್ದದ್ದು ಜೋಡಿಯಾದಾಗ ಪಣವೇ ಅಲ್ಲ. ಎರಡೂ ಕಡೆ ದುಡ್ಡು ಕಟ್ಟಿದವನು ಸೋಲುವುದೆಲ್ಲಿ?

ಇದು ಕಾಗದದ ಭಯವಲ್ಲ. 2020ರ ಡಿಸೆಂಬರ್‌ನಲ್ಲಿ ಕಾಲ್ ಆಫ್ ಡ್ಯೂಟಿ ವಾರ್‌ಜೋನ್‌ಗೆ ಬ್ಲ್ಯಾಕ್ ಆಪ್ಸ್ ಕೋಲ್ಡ್ ವಾರ್‌ನ ಬಂದೂಕುಗಳು ಸೇರಿದವು. ದೂರಕ್ಕೆ ಡಿಎಂಆರ್ 14, ಹತ್ತಿರಕ್ಕೆ ಮ್ಯಾಕ್-10 ಇಲ್ಲವೇ ಎರಡೂ ಕೈಗೆ ಒಂದೊಂದು ಪಿಸ್ತೂಲು: ಎಲ್ಲಿ ನೋಡಿದರೂ ಅದೇ ಕಟ್ಟು. 2021ರ ಜನವರಿಯಲ್ಲಿ ಇವೆಲ್ಲವನ್ನೂ ಒಟ್ಟಿಗೆ ಇಳಿಸಬೇಕಾಯಿತು. ಡಿಎಂಆರ್ ಒಂದನ್ನೇ ದೂಷಿಸಿದವರು ಅರ್ಧ ಮಾತ್ರ ಸರಿ.

ಪರೀಕ್ಷೆ ಹೀಗೆ. ಎಲ್ಲ ಜೋಡಿಗಳನ್ನೂ ಬರೆಯಿರಿ. ಪ್ರತಿ ದೂರದಲ್ಲೂ ಜೋಡಿಯ ಒಳ್ಳೆಯ ಸಂಖ್ಯೆಯನ್ನು ತೆಗೆದುಕೊಳ್ಳಿ. ನಂತರ ಅದೇ ಜೋಡಿಯನ್ನು ತಪ್ಪು ಬಂದೂಕು ಕೈಯಲ್ಲಿದ್ದಾಗ ನೋಡಿ, ಅಂದರೆ ಬದಲಿಸುವ ಸಮಯವನ್ನು ಸೇರಿಸಿ. ನಮ್ಮಲ್ಲಿ ಬದಲಿಸಲು 0.7 ಸೆಕೆಂಡು. ಡಿಎಂಆರ್ ಹಿಡಿದು ಬಾಗಿಲು ದಾಟಿದವನು 5 ಮೀಟರಿನಲ್ಲಿ ಸಬ್‌ಮೆಷಿನ್‌ಗನ್ ತೆಗೆಯುವಷ್ಟರಲ್ಲಿ 0.97 ಆಗುತ್ತದೆ. ರೈಫಲ್‌ಧಾರಿಗೆ ಬೇಕಾದದ್ದು 0.3. ಬದಲಿಸದೆ ಡಿಎಂಆರ್‌ನಲ್ಲೇ ಹೊಡೆದರೂ 0.4, ಒಂದು ತಪ್ಪಿದರೆ 0.8. ಈಗ ಪಣ ಮರಳಿ ಬಂತು. 18 ಮೀಟರಿನಲ್ಲಿ ಆ ಜೋಡಿಯ ಯಾವ ಬಂದೂಕೂ 0.4ರ ಕೆಳಗೆ ಬರುವುದಿಲ್ಲ ಎಂಬುದನ್ನು ಮರೆಯಬೇಡಿ. ನಡುದೂರದ ಆ ಮನೆ ಇಲ್ಲದಿದ್ದರೆ ರೈಫಲ್‌ಗೆ ಆಸರೆಯೇ ಇರುತ್ತಿರಲಿಲ್ಲ.

ಬದಲಿಸುವ ಸಮಯವನ್ನು ಕಡಿಮೆ ಮಾಡುವ ಸವಲತ್ತನ್ನು ಬಹುಮಾನವಾಗಿ ಕೊಡುವ ಆಸೆ ನಿಮ್ಮ ತಂಡದ ಯಾರಿಗಾದರೂ ಬಂದೇ ಬರುತ್ತದೆ. ಅವರಿಗೆ ಈ ಕೋಷ್ಟಕ ತೋರಿಸಿ.

ಆಡಿಸಿ ನೋಡುವುದು

ಹುಬ್ಬಳ್ಳಿಯಲ್ಲಿ ನನ್ನ ಚಿಕ್ಕಪ್ಪನ ಮಗನ ಗೆಳೆಯರ ಗುಂಪು ನಮ್ಮ ಆಟವನ್ನು ವಾರಾಂತ್ಯದಲ್ಲಿ ಆಡಿ ಕೊಡುತ್ತದೆ. ಎಲ್ಲರೂ ಬಿಜಿಎಂಐಯಲ್ಲಿ ಪಳಗಿದವರು. "ಅಕ್ಕಾ, ಶಾಟ್‌ಗನ್ ಗೆಲುವು ತುಂಬಾ ಜಾಸ್ತಿ, ಇಳಿಸಿ" ಎಂದು ಅವರು ಅಂಕಿ ಸಮೇತ ಬರೆದು ಕಳುಹಿಸಿದ್ದರು. ಅಂಕಿ ನಿಜ, ತೀರ್ಮಾನ ಸರಿಯಲ್ಲ. ಒಂದೇ ಕೆಲಸದ ಬಂದೂಕನ್ನು ಜನ ಕೊಳ್ಳುವುದು ಅದಕ್ಕೆ ಅನುಕೂಲವಾದ ಜಾಗದಲ್ಲಿ. ಆದ್ದರಿಂದ ಅದರ ಗೆಲುವಿನ ಪ್ರಮಾಣ ಹೆಚ್ಚೇ ಕಾಣಬೇಕು. ಕಡಿಮೆ ಜನ ಹಿಡಿದು ಹೆಚ್ಚು ಗೆದ್ದರೆ ಅದು ಆರೋಗ್ಯದ ಲಕ್ಷಣ. ಎಲ್ಲ ಕೆಲಸದ ರೈಫಲ್ ಬಹಳ ಜನ ಹಿಡಿದು ಸಾಧಾರಣವಾಗಿ ಗೆದ್ದರೆ ಅದೂ ಆರೋಗ್ಯವೇ. ಹೆದರಬೇಕಾದದ್ದು, ಒಂದೇ ಕೆಲಸದ ಬಂದೂಕನ್ನು ಹಿಡಿಯುವವರು ಹೆಚ್ಚುತ್ತಾ ಹೋದರೂ ಗೆಲುವಿನ ಪ್ರಮಾಣ ಇಳಿಯದಿದ್ದಾಗ. ಆಗ ಅದು ಮನೆ ಬಿಟ್ಟು ಹೊರಗೂ ಗೆಲ್ಲುತ್ತಿದೆ ಎಂದರ್ಥ.

ಹೋಲಿಸುವಾಗ ಒಂದೇ ಮ್ಯಾಪ್, ಒಂದೇ ಪಕ್ಷ, ಕೈಯಲ್ಲಿದ್ದ ಹಣ ಒಂದೇ ಎಂಬ ರೌಂಡ್‌ಗಳನ್ನು ಮಾತ್ರ ಹೋಲಿಸಿ. ಹೊಸಬರು ಮತ್ತು ಪಳಗಿದವರನ್ನು ಬೇರೆ ಹಾಳೆಗಳಲ್ಲಿಡಿ. ಗುರಿ ಬೇಡದೆ ಕೊಲ್ಲುವ ಗ್ರೆನೇಡ್ ಲಾಂಚರ್ ಹೊಸಬರ ಹಾಳೆಯಲ್ಲಿ ರಾಜ, ಪಳಗಿದವರ ಹಾಳೆಯಲ್ಲಿ ಕಸ. ಸರಾಸರಿ ತೆಗೆದರೆ ಎಲ್ಲ ಸರಿಯಾಗಿದೆ ಎಂದು ಕಾಣುತ್ತದೆ, ಎರಡೂ ಗುಂಪು ಬೈಯುತ್ತಲೇ ಇರುತ್ತದೆ.

ಕೈ ಹಾಕುವಾಗ

ಒಂದು ಸಲಕ್ಕೆ ಒಂದು ಬಂದೂಕಿನ ಒಂದು ಸಂಖ್ಯೆ. ಆ ಸಂಖ್ಯೆ ಯಾವುದು ಎಂಬುದಕ್ಕೆ ನಾನು ಹೊಸಬರಿಗೆ ಹೇಳುವ ಉದಾಹರಣೆ ಹೇಲೋ 3ರದು. ಅದರ ವಿನ್ಯಾಸಕ ಜೇಮಿ ಗ್ರೀಸಮರ್ 2010ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಒಂದು ಪೂರ್ಣ ಉಪನ್ಯಾಸವನ್ನು ಸ್ನೈಪರ್‌ನ ಎರಡು ಗುಂಡುಗಳ ನಡುವಿನ ಕಾಲವನ್ನು 0.5ರಿಂದ 0.7 ಸೆಕೆಂಡಿಗೆ ಏರಿಸಿದ ಒಂದೇ ವಿಷಯಕ್ಕೆ ಮೀಸಲಿಟ್ಟಿದ್ದರು. ಆ 0.2 ಸೆಕೆಂಡನ್ನು ನಾನು ಓದುವುದು ಹೀಗೆ: ದೂರದಲ್ಲಿ ಅವಿತು ಹೊಡೆಯುವವನಿಗೆ ಅದು ಅಷ್ಟಾಗಿ ತಟ್ಟದು, ಹತ್ತಿರದ ಗಲಿಬಿಲಿಯಲ್ಲಿ ಎರಡನೇ ಗುಂಡಿಗೆ ತವಕಿಸುವವನಿಗೆ ಪ್ರಾಣಕ್ಕೇ ತಟ್ಟುತ್ತದೆ. ಮನೆಯೊಳಗೆ ನೋಯಿಸದೆ ಹೊರಗೆ ನೋಯಿಸುವ ಸಂಖ್ಯೆ ಬೇಕು ನಿಮಗೆ. ಶಾಟ್‌ಗನ್ ಹೊರಗೆ ಗೆಲ್ಲುತ್ತಿದ್ದರೆ ಚೂರುಗಳು ಹರಡುವ ಕೋನ ಹೆಚ್ಚಿಸಿ, ಡ್ಯಾಮೇಜ್ ಬಿಡಿ. ಸಬ್‌ಮೆಷಿನ್‌ಗನ್ ಹೊರಗೆ ಗೆಲ್ಲುತ್ತಿದ್ದರೆ 18 ಮೀಟರಿನ ಡ್ಯಾಮೇಜ್ ಇಳಿಸಿ, 5 ಮೀಟರಿನದು ಹಾಗೇ ಇರಲಿ.

ಅವಸರಕ್ಕೂ ಒಂದು ಜಾಗ ಉಂಟು. 2015ರ ಡಿಸೆಂಬರ್‌ನಲ್ಲಿ ಸಿಎಸ್:ಗೋಗೆ ಬಂದ ಆರ್8 ರಿವಾಲ್ವರ್, ಪಿಸ್ತೂಲಿನ ಬೆಲೆಗೆ ಸ್ನೈಪರ್‌ನ ಕೆಲಸ ಮಾಡುತ್ತಿತ್ತು. ಕೆಲವೇ ದಿನಗಳಲ್ಲಿ ಡ್ಯಾಮೇಜ್ 115ರಿಂದ 86ಕ್ಕೆ ಇಳಿಯಿತು. ಅಷ್ಟು ಕಣ್ಣಿಗೆ ರಾಚುವಂಥದ್ದಾದರೆ ಕಾಯಬೇಡಿ. ಉಳಿದದ್ದಕ್ಕೆಲ್ಲ ಆಟಗಾರರಿಗೆ ಪ್ರತಿತಂತ್ರ ಹುಡುಕಲು ಸಮಯ ಕೊಡಿ.

ಕೊನೆಗೆ, ಏನು ಮಾಡಿದರೂ ಯಾರೂ ಹಿಡಿಯದ ಬಂದೂಕು ಒಂದು ಉಳಿದೇ ಉಳಿಯುತ್ತದೆ. ಅದರ ಕೆಲಸವನ್ನು ಒಂದು ವಾಕ್ಯದಲ್ಲಿ ಬರೆಯಲು ನೋಡಿ. ಬರೆದ ವಾಕ್ಯ ಬೇರೊಂದು ಬಂದೂಕಿಗೂ ಒಪ್ಪಿದರೆ ಇದನ್ನು ಅಂಗಡಿಯಿಂದ ತೆಗೆಯಿರಿ, ಬಲ ಹೆಚ್ಚಿಸಲು ಹೋಗಬೇಡಿ. ನಮ್ಮ ಲೈಟ್ ಮೆಷಿನ್‌ಗನ್ ಈಗ ಹಾಗೆ ಹೊರಗೆ ಕುಳಿತಿದೆ. ತೆಳು ಗೋಡೆಯ ಮೂಲಕ ಗುಂಡು ಹಾಯಿಸುವ ಕೆಲಸವನ್ನು ಅದೊಂದಕ್ಕೇ ಕೊಟ್ಟು, ನಡೆಯುತ್ತಾ ಹೊಡೆದರೆ ಗುರಿ ಚದುರುವಂತೆ ಮಾಡಿ, ತಗಡಿನ ಶೆಡ್‌ಗಳಿರುವ ಹೊಸ ಮ್ಯಾಪಿನ ಜೊತೆ ಮತ್ತೆ ತರುತ್ತೇವೆ.